ಅಂಜಿನಮ್ಮ ಮಾತು ಕೊಟ್ಟ ಮನೆ

ದೊಡ್ಡನೆಕ್ಕುಂದಿಯ ಅಂಜಿನಮ್ಮ ಗಾರೆ ಕೆಲಸದವಳು. ಸಿಮೆಂಟಿನದಲ್ಲ, ಸುಣ್ಣದ ಗಾರೆ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಿ ಸುಣ್ಣ ಅರೆದು ಗೋಡೆಗೆ ಬಳಿಯುವ ಕಸುಬು ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ತೀರಿಕೊಂಡಾಗ ತಮ್ಮ ಶ್ರೀಧರನಿಗೆ ಹತ್ತು ವರ್ಷ. ಅವನನ್ನು ಈ ಕೂಲಿಯಲ್ಲೇ ಡಿಪ್ಲೊಮಾವರೆಗೆ ಓದಿಸಿದಳು. ಅವನು ಕಂಟ್ರಾಕ್ಟರಾದ.

ವೈಟ್‌ಫೀಲ್ಡಿನ ಹಳೇ ಬಡಾವಣೆಯಲ್ಲಿ ಡೊರೀನಮ್ಮನವರ ಹೆಂಚಿನ ಮನೆಯಿತ್ತು. ನೂರು ವರ್ಷ ದಾಟಿದ್ದು. ಅದರ ಗೋಡೆಗಳನ್ನು ಪ್ರತಿ ಬೇಸಿಗೆ ತಿದ್ದುತ್ತಿದ್ದವಳು ಅಂಜಿನಮ್ಮ. ನಿವೃತ್ತ ಟೀಚರಾಗಿದ್ದ ಡೊರೀನಮ್ಮ, ಮಂಡಿನೋವು ಹೆಚ್ಚಾಗಿ, ಬ್ರೂಕ್‌ಫೀಲ್ಡಿನಲ್ಲಿದ್ದ ತಂಗಿಯ ಮಗಳ ಜೊತೆ ಇರಲು ಹೊರಟರು. ಆದರೆ ಕೆಡವುವವರಿಗೆ ಮನೆ ಮಾರುವುದಿಲ್ಲವೆಂದು ಹಟ ಹಿಡಿದಿದ್ದರು.

ಶ್ರೀಧರ ಒಂದು ಕುಟುಂಬವನ್ನು ಕರೆತಂದ. ಬಾಲಾಜಿ, ದಿವ್ಯಾ, ಇಬ್ಬರು ಮಕ್ಕಳು. ಅಡುಗೆಮನೆ ದೊಡ್ಡದಾಗಬೇಕು, ಬಚ್ಚಲು ಒಳಗೆ ಬರಬೇಕು, ಉಳಿದದ್ದು ಹೀಗೇ ಇರಲಿ ಎಂದರು ಅವರು. ಡೊರೀನಮ್ಮ ಅಂಜಿನಮ್ಮನನ್ನು ಪಕ್ಕಕ್ಕೆ ಕರೆದು, ನಿನ್ನ ತಮ್ಮನನ್ನು ನಂಬಬಹುದಾ ಎಂದು ಕೇಳಿದರು.

“ನಾನಿದೀನಲ್ಲಮ್ಮ,” ಎಂದಳು ಅಂಜಿನಮ್ಮ.

ಆ ಮಾತಿನ ಮೇಲೆ ಮನೆ ಕೈಬದಲಾಯಿತು.

ಮೂರು ತಿಂಗಳು ಅಂಜಿನಮ್ಮ ಹಿಂದಿನ ಕೋಣೆಗಳಲ್ಲಿ ದುಡಿದಳು. ಅಡುಗೆಮನೆಯ ಅಡ್ಡಗೋಡೆ ತೆಗೆದು ಅಲ್ಲಿ ಕಮಾನು ಕಟ್ಟಿದಳು. ಪೈಪು, ವೈರುಗಳು ಕಾಣದ ಹಾಗೆ ಸುಣ್ಣದಲ್ಲಿ ಮುಚ್ಚಿದಳು. ಸಂಜೆ ಬರುತ್ತಿದ್ದ ದಿವ್ಯಾ ಗೋಡೆ ಮುಟ್ಟಿ, ಎಷ್ಟು ತಣ್ಣಗಿದೆಯಲ್ಲ ಅಕ್ಕ ಎನ್ನುತ್ತಿದ್ದಳು.

ಒಂದು ದಿನ ಶ್ರೀಧರ, ಮರಕ್ಕೆಲ್ಲ ಗೆದ್ದಲಿನ ಔಷಧಿ ಹೊಡೆಸುತ್ತಿದ್ದೇನೆ, ವಾಸನೆಗೆ ತಲೆ ಸುತ್ತುತ್ತದೆ, ಒಂದು ವಾರ ಬರಬೇಡ ಎಂದ. ಅವಳು ಒಪ್ಪಿದಳು. ಆದರೆ ಗುಂಡಿಯಲ್ಲಿ ನೆನೆಹಾಕಿದ್ದ ಸುಣ್ಣ ಒಣಗಿ ಹೋದೀತೆಂದು ಐದನೇ ದಿನ ನೀರು ಹಾಕಲು ಹೋದಳು.

ಗೇಟಿನೊಳಗೆ ಜೆಸಿಬಿ ನಿಂತಿತ್ತು. ಮುಂದಿನ ಜಗಲಿ, ನಡುಮನೆ, ಎರಡು ಕೋಣೆ ನೆಲಸಮವಾಗಿದ್ದವು. ಮಾವಿನ ಮರದ ಕೆಳಗೆ ದಿವ್ಯಾ ಒಬ್ಬಳೇ ನಿಂತಿದ್ದಳು.

“ಬೇರೆ ದಾರಿ ಇರ್ಲಿಲ್ಲ ಅಕ್ಕ,” ಎಂದಳು. “ಗೋಡೆ ನಿಲ್ಲಲ್ಲ, ಮಕ್ಕಳಿಗೆ ಅಪಾಯ ಅಂತ ನೀವೇ ಹೇಳಿದ್ರಂತಲ್ಲ.”

ಅಂಜಿನಮ್ಮ ಅವಳ ಕೈಹಿಡಿದು ಹಿಂದಿನ ಕೋಣೆಗೆ ಕರೆದೊಯ್ದಳು. ಸುತ್ತಿಗೆ ತೆಗೆದುಕೊಂಡು ಹಳೇ ಗೋಡೆಗೆ ಉಳಿಯಿಟ್ಟು ನಾಲ್ಕು ಏಟು ಹೊಡೆದಳು. ಒಂದು ಗೀರು ಬಿದ್ದಿತೇ ಹೊರತು ಚೂರೂ ಉದುರಲಿಲ್ಲ. ದಿವ್ಯಾ ಆ ಗೀರನ್ನು ಮುಟ್ಟಿ ನೋಡಿದಳು. ಬಾಲಾಜಿಗೆ ಫೋನು ಮಾಡಿ ಜೆಸಿಬಿ ನಿಲ್ಲಿಸಿದಳು.

ಸಂಜೆ ಅಂಜಿನಮ್ಮ ಕೇಳಿದಾಗ ಶ್ರೀಧರ ತಪ್ಪಿಸಿಕೊಳ್ಳಲು ನೋಡಲಿಲ್ಲ. ರಿಪೇರಿ ಆರು ತಿಂಗಳ ಕೆಲಸ, ಹೊಸದು ಕಟ್ಟಿದರೆ ಎರಡು ವರ್ಷದ ದುಡಿಮೆ ಸಿಗುತ್ತದೆ ಎಂದ. “ನಿನ್ ಹೆಸ್ರು ಹೇಳ್ದೆ, ಅಷ್ಟೇ ಅಕ್ಕ. ಸುಣ್ಣದ ವಿಷ್ಯದಲ್ಲಿ ನನ್ ಮಾತು ಯಾರ್ ಕೇಳ್ತಾರೆ?”

ಮಾರನೆಯ ದಿನ ಅವಳು ಬ್ರೂಕ್‌ಫೀಲ್ಡಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಬೇರೆಯವರ ಬಾಯಿಂದ ಗೊತ್ತಾಗಬಾರದೆಂಬುದು ಅವಳ ಆಸೆ. ಡೊರೀನಮ್ಮ ಅವಳ ಮುಖವನ್ನೇ ನೋಡಿ ಕೇಳಿದರು.

“ನಿಜವಾಗ್ಲೂ ನಿನಗೆ ಗೊತ್ತಿರ್ಲಿಲ್ವಾ, ಅಂಜಿನಾ?”

ಇಲ್ಲವೆಂದಳು. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಬಾಗಿಲವರೆಗೂ ಬಂದು ಕಳಿಸಿಕೊಡುತ್ತಿದ್ದವರು ಅಂದು ಕುರ್ಚಿಯಿಂದ ಏಳಲಿಲ್ಲ.

ಬಾಲಾಜಿ ಶ್ರೀಧರನನ್ನು ಕೆಲಸದಿಂದ ಬಿಡಿಸಿದ. ಮುಂಭಾಗ ಬೇರೆಯವರ ಕೈಯಲ್ಲಿ ಕಾಂಕ್ರೀಟಿನಲ್ಲಿ ಎದ್ದಿತು. ಉಳಿದ ಮೂರು ಕೋಣೆಗಳನ್ನು ಅಂಜಿನಮ್ಮನೇ ಮುಗಿಸಿದಳು. ಗೃಹಪ್ರವೇಶಕ್ಕೆ ಕರೆದರೂ ಡೊರೀನಮ್ಮ ಬರಲಿಲ್ಲ.

ಆ ವರ್ಷದ ಗೌರಿ ಹಬ್ಬಕ್ಕೆ ಶ್ರೀಧರ ಎಂದಿನಂತೆ ಸೀರೆ, ಬಾಗಿನ ಹಿಡಿದು ಬಂದ. ಅಂಜಿನಮ್ಮ ಬಾಗಿಲಲ್ಲೇ ನಿಂತಳು.

“ಮನೆ ಕೆಡವ್ದೆ ಅಂತ ಅಲ್ಲ ಕಣೋ,” ಎಂದಳು. “ನಾನು ಆಡದೇ ಇರೋ ಮಾತ್ನ ನನ್ ಬಾಯಿಗೆ ಆಕ್ದೆ. ಅದ್ನ ಯಾವ್ ಸೀರೇಲಿ ಮುಚ್ಚಲಿ?”

ಅವನು ಬಾಗಿನವನ್ನು ಜಗಲಿಯ ಮೇಲಿಟ್ಟು ಹೋದ. ಮಧ್ಯಾಹ್ನ ಅವಳು ಅದನ್ನು ಹಾಗೇ ಎತ್ತಿಕೊಂಡು ಹೋಗಿ ಅವನ ಹೆಂಡತಿಯ ಕೈಗೆ ಕೊಟ್ಟು, ನೀರೂ ಕುಡಿಯದೆ ಹಿಂತಿರುಗಿದಳು.