ಮಿಕ್ಸಿಗೆ ಹಾಕಿದ ಮಸ್ಸೊಪ್ಪು

ಹೋದ ಭಾನುವಾರ ಶಿರಾದ ಬಸ್ ನಿಲ್ದಾಣದ ಹತ್ತಿರ ಗೋಣಿಚೀಲ ಹಾಸಿಕೊಂಡು ಕೂತಿದ್ದ ಮುದುಕಿಯೊಬ್ಬರು, "ತಗೋ ಬೇಟಿ, ಬೆರಕೆ ಸೊಪ್ಪು, ಬೆಳಿಗ್ಗೆ ಕಿತ್ತಿದ್ದು" ಎಂದು ಒಂದು ಕಂತೆಯನ್ನು ನನ್ನ ಕೈಗೇ ಇಟ್ಟುಬಿಟ್ಟರು. ರೂಮಿಗೆ ತಂದು, ಸೋಸಿ, ತೊಗರಿಬೇಳೆಯ ಜೊತೆ ಬೇಯಲು ಇಟ್ಟೆ. ಮುಚ್ಚಳ ತೆಗೆದಾಗ ಗಣಿಕೆ ಸೊಪ್ಪಿನ ಸಣ್ಣ ಕಹಿ, ನುಗ್ಗೆ ಚಿಗುರು, ಬೆಳ್ಳುಳ್ಳಿ ಎಲ್ಲ ಸೇರಿದ ಆವಿ ಮುಖಕ್ಕೆ ಬಡಿಯಿತು. ಕನ್ನಡಕ ಮಂಜಾಯಿತು. ಅದನ್ನು ಒರೆಸಿಕೊಳ್ಳುತ್ತ ನಿಂತಾಗ ಮಧುಗಿರಿಯ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು…

ಅವರು ನಮಗೆ ನೆಂಟರೇನಲ್ಲ. ಎರಡು ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ ಸಂಬಂಧ. ಅವರದು ಕುರಿ ಸಾಕುವ ಮನೆ. ದೊಡ್ಡಪ್ಪ ಕುರಿ ಹೊಡೆದುಕೊಂಡು ಹೋದರೆ ದೊಡ್ಡಮ್ಮ ಬುತ್ತಿ ತೆಗೆದುಕೊಂಡು ಹಿಂದೆ ಹೋಗುತ್ತಿದ್ದರು. ಸಂಜೆ ವಾಪಸು ಬರುವಾಗ ಮಡಿಲ ತುಂಬ ಸೊಪ್ಪು. ರಾಗಿ ಹೊಲದ ಸಾಲಿನಲ್ಲಿ ಬೆಳೆದ ಅಣ್ಣೆ ಸೊಪ್ಪು, ಬದುವಿನ ಗಣಿಕೆ, ಯಾರದೋ ಬೇಲಿಯ ಮೇಲಿನ ಕುಂಬಳದ ಕುಡಿ. ಅದರಲ್ಲಿ ಒಂದು ಪಾಲು ನಮ್ಮ ಮನೆಗೆ ಬರುತ್ತಿತ್ತು. ಯಾವ ದಿನ ಯಾವ ಸೊಪ್ಪು ಬಂತು ಎಂದು ನಾನು ಕ್ಯಾಲೆಂಡರಿನ ಚೌಕದಲ್ಲಿ ಗುರುತು ಹಾಕುತ್ತಿದ್ದೆ. ಅದನ್ನು ನೋಡಿ ಅವರು, "ಇವ್ಳೇನ್ ಟೀಚರಮ್ಮ, ಸೊಪ್ಪುಗೂ ಹಾಜರಿ ಹಾಕ್ತಾಳೆ!" ಎಂದು ನಗುತ್ತಿದ್ದರು.

ಟೀಚರಮ್ಮ ಎಂದರೆ ನನ್ನ ಅಮ್ಮ. ದಿನವೂ ಕೊರಟಗೆರೆ ಕಡೆಯ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಬೆಳಗಿನ ಬಸ್ಸು ತಪ್ಪಬಾರದೆಂದು ಅವಳ ಅಡುಗೆಯೆಲ್ಲ ಅವಸರದ್ದು. ಕಾಯಿ, ಖಾರ, ಚಟ್ನಿ, ಏನಿದ್ದರೂ ಮಿಕ್ಸಿಗೆ. ದೊಡ್ಡಮ್ಮನ ಮನೆಯಲ್ಲಿ ಮಸ್ಸೊಪ್ಪು ಎಂದರೆ ಬೆಂದ ಸೊಪ್ಪಿನ ಕಟ್ಟನ್ನು ಬೇರೆ ಬಸಿದಿಟ್ಟು, ಸೊಪ್ಪನ್ನು ಮಡಕೆಯಲ್ಲೇ ಮರದ ಕೋಲಿನಿಂದ ಮಸೆದು, ಆಮೇಲೆ ಕಟ್ಟು ಬೆರೆಸುವುದು. ದೊಡ್ಡಪ್ಪನಿಗೆ ಸೊಪ್ಪಿನ ಎಳೆ ಬಾಯಿಗೆ ಸಿಗಬೇಕಿತ್ತು. ಸಿಗದಿದ್ದರೆ ಮುದ್ದೆ ಮುರಿಯುವ ಮೊದಲೇ ತಟ್ಟೆ ತಳ್ಳುತ್ತಿದ್ದರು.

ಆ ದೊಡ್ಡಪ್ಪ ಒಂದು ದಿನ ಮಧ್ಯಾಹ್ನ ಕುರಿ ಕಾಯುತ್ತಿದ್ದಲ್ಲೇ ಮರದ ಕೆಳಗೆ ಮಲಗಿದವರು ಏಳಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಅಕ್ಕಪಕ್ಕದವರು ಊಟ ತಂದುಕೊಡಬೇಕು, ಅದಕ್ಕೆ ಒಗ್ಗರಣೆ ಹಾಕಬಾರದು. ಬೀದಿಯವರೆಲ್ಲ ಸರದಿಯಂತೆ ತಂದರು. ದೊಡ್ಡಮ್ಮ ಯಾವುದನ್ನೂ ಮುಟ್ಟಲಿಲ್ಲ. ಮೂಲೆಯಲ್ಲಿ ಗೋಡೆಗೊರಗಿ ಕೂತವರು ಮಾತನ್ನೂ ಆಡಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಒಂದು ಬೆಳಿಗ್ಗೆ ತಲೆ ತಿರುಗಿ ಬಚ್ಚಲಲ್ಲಿ ಬಿದ್ದರು. ಹೀಗೇ ಹೊಟ್ಟೆ ಖಾಲಿ ಬಿಟ್ಟರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿ ಹೋದರು. ಪಾವಗಡಕ್ಕೆ ಕೊಟ್ಟಿದ್ದ ಅವರ ಮಗಳು, ನಾನು ಅಕ್ಕ ಎನ್ನುತ್ತಿದ್ದವಳು, ನಮ್ಮ ಬಾಗಿಲಿಗೆ ಬಂದು ಅತ್ತಳು. ಅಲ್ಲಿಗೆ ಸೇರಿದ ಮೇಲೆ ಅವಳ ಮಾತಿನಲ್ಲಿ ತೆಲುಗು ಬೆರೆತಿತ್ತು, ನನ್ನ ಅಮ್ಮನನ್ನೂ ಚಿಕ್ಕಮ್ಮ ಎನ್ನದೆ ಪಿನ್ನಿ ಎನ್ನುತ್ತಿದ್ದಳು.

"ಪಿನ್ನೀ, ಅಮ್ಮ ಏನೂ ತಿಂತಿಲ್ಲ. ನಾನೇನ್ ಚೆಯ್ಯಲಿ? ಅಪ್ಪನ ಹಿಂದೇನೇ ಹೋಗ್ತಾಳೇನೋ…"

ಅಮ್ಮ ಅಂದು ಶಾಲೆಯಿಂದ ಬರುವಾಗ ಕೊರಟಗೆರೆಯಿಂದ ಸೊಪ್ಪು ತಂದಳು. ದೊಡ್ಡಮ್ಮನಿಗೆ ಇಷ್ಟವಾದದ್ದನ್ನೇ ಮಾಡಿದರೆ ಒಂದು ತುತ್ತಾದರೂ ಇಳಿದೀತು ಎಂಬ ಆಸೆ. ನಾನು ಸೋಸಿಕೊಟ್ಟೆ. ಬೇಯಿಸಿ, ಕಟ್ಟು ಬಸಿದೆವು. ಮಸೆಯುವ ಕೋಲು ನಮ್ಮ ಮನೆಯಲ್ಲಿ ಇರಲೇ ಇಲ್ಲ. ಅಮ್ಮ ಅರ್ಧ ಸೊಪ್ಪನ್ನು ಜಾರಿಗೆ ತುಂಬಿ ಮಿಕ್ಸಿ ತಿರುಗಿಸಿದಳು.

ಗೋಡೆಯಾಚೆಯಿಂದ ಕೂಗು ಬಂತು.

"ಯಾರ್ಲಾ ಅದು! ಬೆಂದ್ ಸೊಪ್ಪುನ್ನ ಮಿಕ್ಸಿಗಾಕ್ತಿರೋದು?"

ಅಮ್ಮನ ಕೈ ಗುಂಡಿಯ ಮೇಲೇ ನಿಂತಿತು. ಅಷ್ಟು ದಿನದ ಮೇಲೆ ಕೇಳಿದ ಗಂಟಲು ಒಡೆದುಹೋಗಿತ್ತು. ಸೊಪ್ಪು ಬೇಯುವ ವಾಸನೆ ಮೊದಲೇ ಅವರ ಮೂಗಿಗೆ ಹೋಗಿತ್ತು ಅಂತ ಕಾಣುತ್ತದೆ. ಸ್ವಲ್ಪ ಹೊತ್ತಿಗೆ, ಅಕ್ಕನ ಹೆಗಲು ಹಿಡಿದುಕೊಂಡು ದೊಡ್ಡಮ್ಮನೇ ನಮ್ಮ ಹೊಸಿಲಿನ ಹೊರಗೆ ಬಂದು ನಿಂತರು.

"ಒಳಗೆ ಬನ್ನಿ," ಎಂದಳು ಅಮ್ಮ.

"ಸೂತಕ ಕಣಮ್ಮ, ಒಳಕ್ಕೆ ಹೆಂಗ್ ಬರ್ಲಿ? ಎಲ್ಲಿ, ತೋರ್ಸು ಅದ್ನ."

ಅಮ್ಮ ಜಾರನ್ನೇ ತಂದು ತೋರಿಸಿದಳು. ಒಳಗೆ ಹಸಿರು ಅಂಟು ನುಣ್ಣಗೆ ಹೊಳೆಯುತ್ತಿತ್ತು. ದೊಡ್ಡಮ್ಮ ಅದನ್ನು ನೋಡಿದರು, ಅಮ್ಮನ ಮುಖ ನೋಡಿದರು.

"ಅಲ್ಲ ಟೀಚರಮ್ಮ, ಇದು ಸಾರಾ, ಇಲ್ಲ ಸಿನ್ಮಾ ಪೋಸ್ಟರ್ ಅಂಟ್ಸೋ ಗೋಂದಾ? ಇಸ್ಕೂಲ್ನಾಗೆ ಮಕ್ಕಳ್ಗೂ ಇಂಗೇ ಅರ್ದು ಕುಡ್ಸ್ತೀಯಾ?"

ಅಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅಕ್ಕ ಓಡಿಹೋಗಿ ತಮ್ಮ ಮನೆಯ ಕೋಲು ತಂದಳು. ನಾವು ಪಾತ್ರೆಯನ್ನು ಜಗಲಿಗೆ ತಂದಿಟ್ಟೆವು. ದೊಡ್ಡಮ್ಮ ಅಲ್ಲೇ ಕೂತು, ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಉಳಿದ ಅರ್ಧ ಸೊಪ್ಪನ್ನು ಮಸೆದರು. ಅಕ್ಕ ಕೋಲು ಹಿಡಿಯಲು ಹೋದರೆ, "ನೀ ಬುಡು ಅತ್ಲಾಗೆ," ಎಂದರು. ಕಟ್ಟು ಬೆರೆಸಿ, ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ, "ಉಪ್ಪು ಸಾಲ್ದು" ಎಂದರು. ಉಪ್ಪು ಹಾಕಿ ಮತ್ತೆ ನೆಕ್ಕಿದರು. ಅಮ್ಮ ಏನೂ ಕೇಳದೆ ಅರ್ಧ ಮುದ್ದೆಯ ತಟ್ಟೆಯನ್ನು ಅವರ ಮುಂದೆ ಇಟ್ಟಳು. ನಾವು ಮೂವರೂ ಬೇರೆ ಕಡೆ ನೋಡುತ್ತ ನಿಂತೆವು. ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂಬ ಭಯ.

ಮುದ್ದೆ ಮುಗಿದ ಮೇಲೆ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಅವ್ನಿದ್ದಿದ್ರೆ ಆ ಗೋಂದು ನೋಡಿ ತಟ್ಟೆ ಎತ್ತಿ ಎಸೀತಿದ್ದ" ಎಂದು ಮೊದಲ ಸಲ ಬಾಯಿಬಿಟ್ಟು ಅತ್ತರು. ಅಂದಿನಿಂದ ಊಟ ಮಾಡಿದರು.

ನಾವು ಮಧುಗಿರಿ ಬಿಟ್ಟೆವು. ಅವರು ಕುರಿ ಮಾರಿ ಮಗಳ ಮನೆ ಸೇರಿದರು. ಎರಡು ವರ್ಷದ ಹಿಂದೆ ಪಾವಗಡದಲ್ಲೇ ತೀರಿಕೊಂಡರು. ನಾನು, ಅಮ್ಮ ಹೋದಾಗ ಅಕ್ಕ ಮೂಲೆಯಲ್ಲಿ ಕೂತಿದ್ದಳು. ಮುಂದೆ ಇಟ್ಟ ತಟ್ಟೆಯ ಊಟ ಒಣಗಿತ್ತು. ಅಮ್ಮ ಅವಳ ಪಕ್ಕ ಕೂತು ಆ ಸಂಜೆಯ ಮಾತು ತೆಗೆದಳು, ಆದರೆ ಮಧ್ಯದಲ್ಲೇ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮಮ್ಮ ಹೆಂಗಂದ್ಲು? ನೀನ್ ಹೇಳು," ಎಂದು ಅಕ್ಕ ನನ್ನ ಕಡೆ ತಿರುಗಿದಳು.

ನಾನು ದೊಡ್ಡಮ್ಮನ ರಾಗದಲ್ಲೇ ಬೈದು ತೋರಿಸಿದೆ. ಅವಳು ನಕ್ಕಳು. ನಗುತ್ತ ನಗುತ್ತ ಬಿಕ್ಕಿದಳು. ಇನ್ನೊಂದು ಸಲ ಹೇಳಿಸಿಕೊಂಡು, ಎದ್ದು ಕೈ ತೊಳೆದು ಬಂದಳು.

ಈಗಲೂ ಫೋನು ಮಾಡಿದಾಗ ಅದನ್ನೇ ಕೇಳುತ್ತಾಳೆ. ಮೊದಮೊದಲು ಹೇಳುವಾಗ ದೊಡ್ಡಮ್ಮನ ಒಡೆದ ಗಂಟಲೇ ನನ್ನ ಕಿವಿಯಲ್ಲಿ ಇರುತ್ತಿತ್ತು. ನಾನು ಅದರ ಹಿಂದೆ ಹಿಂದೆ ಹೋಗುತ್ತಿದ್ದೆ… ಹೋದ ಭಾನುವಾರ ಆ ಸೊಪ್ಪಿನ ಊಟ ಮುಗಿಸಿ ನಾನೇ ಅವಳಿಗೆ ಫೋನು ಮಾಡಿದೆ. ಕೇಳಿದಳು, ಹೇಳಿದೆ. ಒಂದು ಮಾತೂ ತಪ್ಪಲಿಲ್ಲ. ಆದರೆ ನನಗೆ ಕೇಳಿಸಿದ್ದು ನನ್ನದೇ ದನಿ.

ಅಕ್ಕನಿಗೂ ಗೊತ್ತಾಯಿತೇನೋ. ಈ ಸಲ ನಗಲಿಲ್ಲ. "ಹೊಟ್ಟೆತುಂಬ ಉಂಡ್ಯೇನಮ್ಮ?" ಎಂದು ಕೇಳಿದಳು.

ಹೂಂ ಎಂದೆ.