ಪಿಸ್ತೂಲಿನ ಹೊಟ್ಟೆಯೊಳಗಿನ ಕುಂಕುಮ

ಕೊಟ್ರಬಸಪ್ಪನಿಗೆ ಸಿಟ್ಟು ಬಂದರೆ ಮೂಗಿನ ತುದಿ ಕೆಂಪಗಾಗುತ್ತಿತ್ತು. ೧೯೭೨ರ ಆ ಒಂದು ತಿಂಗಳು ಅದು ಕೆಂಪಗೇ ಇತ್ತು. ಸಿಟ್ಟು ಬರದೆ ಇದ್ದೀತೆ? ಹುಟ್ಟಿದ್ದು ಕುರುಗೋಡು, ಕೆಲಸ ಕಲಿತದ್ದು ಕಂಟೋನ್ಮೆಂಟಿನ ಮುದುಕ ಮಿಸ್ತ್ರಿಯ ಕೈಕೆಳಗೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಬಂದೂಕು, ಪಿಸ್ತೂಲು ರಿಪೇರಿ ಮಾಡುತ್ತಿದ್ದವನ ಅಂಗಡಿಗೆ ಈಗ ಸರ್ಕಾರದ ಬೀಗ ಬಿದ್ದಿತ್ತು. ತನಿಖೆಯಲ್ಲಿ ತಪ್ಪು ಅವನದೆಂದಾದರೆ ಲೈಸೆನ್ಸೇ ರದ್ದು.

ಈ ಸೀಮೆಯ ಕೆಂಪು ಧೂಳಿನ ಗುಣ ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಬಂದ ಗಿರಾಕಿಗೆಲ್ಲ ಒಂದೇ ಮಾತು: “ಎಣ್ಣಿ ಒಂದ್ ಹನಿ ಹಾಕ್ರಿ, ಅದನ್ನೂ ಒಣ ಬಟ್ಟಿಲೆ ಒರಸ್ರಿ. ಎಣ್ಣಿ ಜಾಸ್ತಿ ಆದ್ರ ಧೂಳು ಕುಂದ್ರತೈತಿ, ಧೂಳು ಕುಂತ್ರ ಪಿಸ್ತೂಲು ಕೈ ಕೊಡತೈತಿ.” ಸಿರುಗುಪ್ಪದ ಅಕ್ಕಿ ಗಿರಣಿ ಸಾವ್ಕಾರ ಚಿದಾನಂದಪ್ಪ ತನ್ನ ಪಿಸ್ತೂಲು ರಿಪೇರಿಗೆ ತಂದಾಗ ಅವನಿಗೂ ಹೇಳಿದ್ದ, ಅದೂ ಮೂರು ಸಲ. ಸಾವ್ಕಾರ ಹ್ಞೂಂ ಹ್ಞೂಂ ಅನ್ನುತ್ತ ಎಲೆ ಅಡಿಕೆ ಜಗಿದು ಹೋಗಿದ್ದ.

ಆಯುಧಪೂಜೆ ಮುಗಿದ ಹದಿನೈದು ದಿನಕ್ಕೆ ಗಿರಣಿಯ ಅಂಗಳಕ್ಕೆ ಹುಚ್ಚುನಾಯಿ ನುಗ್ಗಿತು. ಸಾವ್ಕಾರ ಪಿಸ್ತೂಲು ಎತ್ತಿ ಟ್ರಿಗರ್ ಒತ್ತಿದ. ಜಪ್ಪಯ್ಯ ಅಂದರೂ ಗುಂಡು ಹಾರಲಿಲ್ಲ. ನಾಯಿ ಹಮಾಲಿ ಗಾಳೆಪ್ಪನ ಮೀನಖಂಡಕ್ಕೆ ಬಾಯಿ ಹಾಕಿತು. ಪಾಪ, ಅವನ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್. ಸಾವ್ಕಾರ ಮಾತ್ರ ನಡುಬಜಾರಿನಲ್ಲಿ ನಿಂತು, “ಆ ಕಳ್ಳ ಕೊಟ್ರಬಸ್ಯಾ ಒಳಗಿನ ಸಾಮಾನು ಕದ್ದು ಹಳೇದು ಹಾಕ್ಯಾನ” ಎಂದು ಬೊಬ್ಬೆ ಹೊಡೆದ, ಮೇಲಿನವರಿಗೆ ಅರ್ಜಿಯನ್ನೂ ಗೀಚಿದ. ಕಳ್ಳ! ಬೇರೆಯವರ ಒಂದು ಮೊಳೆಯನ್ನೂ ಮುಟ್ಟದವನಿಗೆ ಈ ಮಾತು!

ವಿಚಾರಣೆಯ ದಿನ ಅಧಿಕಾರಿ ಪಿಸ್ತೂಲನ್ನು ಮೇಜಿನ ಮೇಲಿಟ್ಟ. ಎಲ್ಲರ ಎದುರಿಗೇ ಕೊಟ್ರಬಸಪ್ಪ ಅದನ್ನು ಬಿಚ್ಚಿದ. ಕೊಬ್ಬರಿ ಎಣ್ಣೆ, ಕುಂಕುಮ, ವಿಭೂತಿ, ಅದರ ಮೇಲೆ ಗಿರಣಿಯ ಧೂಳು, ಎಲ್ಲ ಸೇರಿ ಒಳಗೆ ಕಣಕದ ಹಾಗೆ ಮೆತ್ತಿಕೊಂಡಿತ್ತು. “ಸಾಮಾನೆಲ್ಲ ಮೊದಲಿನವ ಅದಾವ್ರಿ, ಈ ಹೊಲಸಿಗೆ ಗುಂಡು ಹಾರಿಲ್ಲ,” ಅಂದ.

“ಪೂಜಿ ಮಾಡಿದ್ದು ಒರಸಬಾರ್ದಂತ ಹಂಗ ಬಿಟ್ಟೀನಿ,” ಸಾವ್ಕಾರ ಗತ್ತಿನಿಂದ ಅಂದ. “ಹಣಿ ತುಂಬ ವಿಭೂತಿ ಬಳ್ಕೊಂಡು ಇದನ್ನ ಹೊಲಸು ಅಂತೀಯೇನಲೇ?”

“ಹಣಿಮ್ಯಾಲಿದ್ರ ವಿಭೂತಿರೀ ಸಾವ್ಕಾರ್ರ, ಪಿಸ್ತೂಲಿನ ಹೊಟ್ಟ್ಯಾಗಿದ್ರ ಧೂಳು! ಕೈ ಮುಗೀರಿ, ಮ್ಯಾಲೊಂದು ಬೊಟ್ಟು ಇಡ್ರಿ, ಬ್ಯಾಡ ಅಂದೋರು ಯಾರು? ಒಳಗ ಎಣ್ಣಿ ಸುರದು ಕುಂಕುಮ ತುಂಬು ಅಂತ ಯಾವ ದೇವರು ಕೇಳಿದ್ದ? ಗಾಳೆಪ್ಪ ಕಚ್ಚಿಸ್ಕೊಂಡ, ನಾ ಕಳ್ಳ ಆದ್ನಿ!”

ಅಧಿಕಾರಿ ಆ ಕೆಂಪು ರಾಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಕೊಟ್ರಬಸಪ್ಪನ ತಪ್ಪಿಲ್ಲ, ಅಂಗಡಿ ತೆರೆಯಲಿ ಎಂದು ಬರೆದು ಸಹಿ ಹಾಕಿದ. ಸಾವ್ಕಾರನಿಗೆ ನಾಚಿಕೆಯೆಂಬುದು ಬೇಕಲ್ಲ! “ಆತು ಬಿಡು. ಇದನ್ನ ಸ್ವಚ್ಛ ಮಾಡಿ ಕೂಡಿಸಿ ಕೊಡು, ಬಸ್ಸಿಗೆ ಹೊತ್ತಾತು.”

ಕೊಟ್ರಬಸಪ್ಪ ಕೈ ಒರೆಸಿಕೊಂಡು ಎದ್ದ.

“ಸಿರುಗುಪ್ಪದ ಬಜಾರದಾಗ ಕಳ್ಳ ಅಂದೀರಿ. ಅದ ಬಜಾರದಾಗ ನಿಂತು, ತಪ್ಪು ಕೊಟ್ರಬಸಪ್ಪಂದಲ್ಲ, ನಂದು ಅನ್ರಿ. ಆಮ್ಯಾಲೆ ಅಂಗಡಿಗೆ ಬರ್ರಿ.”

ಹಿಂದಿರುಗಿ ನೋಡದೆ ಹೊರಟೇ ಹೋದ. ಪಿಸ್ತೂಲು ತುಂಡು ತುಂಡಾಗಿ ಮೇಜಿನ ಮೇಲೆ ಬಿದ್ದಿತ್ತು. ಸಾವ್ಕಾರ ಸ್ಪ್ರಿಂಗು ಹಿಡಿದುಕೊಂಡು ಅಧಿಕಾರಿಯ ಮುಖ ನೋಡಿದ, ಅಧಿಕಾರಿ ಪೇದೆಯ ಮುಖ ನೋಡಿದ. ಅದನ್ನು ಮತ್ತೆ ಕೂಡಿಸುವುದು ಆ ಕೋಣೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.