ಕಾಪರ್ ಹಾರ್ಸಸ್ ಮತ್ತು ನಮ್ಮ ಮನೆಯ ಹಕಾರ

ಆಗಿನ್ನೂ ಹಾಡುಗಳು ಸಿ.ಡಿ.ಯಲ್ಲಿ ಬರುತ್ತಿದ್ದವು. ಒಂದು ಸಿ.ಡಿ. ನಾಲ್ಕು ಮನೆ ಸುತ್ತಿ ಬರುವಷ್ಟರಲ್ಲಿ ಮೈಯೆಲ್ಲ ಗೀಚಿಸಿಕೊಂಡಿರುತ್ತಿತ್ತು. ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ಬೆಳೆದ ನಮಗೆ ಏಪ್ರಿಲ್ ಎಂದರೆ ಶಾಲೆಗೆ ರಜೆ, ದೊಡ್ಡ ಮಳೆ, ಒಣಗದ ಬಟ್ಟೆ, ರಸ್ತೆಬದಿಯಲ್ಲಿ ಇದ್ದಿಲ ಮೇಲೆ ಸುಟ್ಟ ಜೋಳಕ್ಕೆ ನಿಂಬೆಹೋಳಿನಿಂದ ಉಜ್ಜಿದ ಖಾರದ ಪುಡಿಯ ವಾಸನೆ. ಆ ವರ್ಷ ಇದಕ್ಕೆ ಅಮೇರಿಕದ ಒಂದು ಬ್ಯಾಂಡ್ ಸೇರಿಕೊಂಡಿತು. ನನಗೆ ಹನ್ನೊಂದು ವರ್ಷ, ಅಣ್ಣ ಮಧುವಿಗೆ ಹದಿನಾಲ್ಕು.

ಬ್ಯಾಂಡಿನ ಹೆಸರು ಕಾಪರ್ ಹಾರ್ಸಸ್. ತಾಮ್ರದ ಕುದುರೆಗಳು. ಹಾರ್ಡ್ ರಾಕ್. ಗಿರಣಿ ಊರೊಂದರ ನಾಲ್ವರು ಹುಡುಗರು ಕಟ್ಟಿದ್ದು. ಮೊದಲ ಗಾಯಕ ವೆಲ್ಡರ್ ಒಬ್ಬನ ಮಗ. ಮೊದಲ ಆಲ್ಬಂಗಳು ನಿಂತಿದ್ದೇ ಅವನ ಕಂಠದ ಮೇಲೆ. ಹೆಸರು ಬಂದ ಮೇಲೆ, ಒಂದು ಪ್ರವಾಸದ ನಡುವೆ, ಅವನು ಪೆಟ್ರೋಲ್ ಬಂಕಿನಲ್ಲಿ ಕೈತೊಳೆಯಲು ಇಳಿದಾಗ ಬಸ್ಸು ಅವನನ್ನು ಬಿಟ್ಟು ಹೊರಟುಹೋಯಿತಂತೆ. ಅವನ ಜಾಗಕ್ಕೆ ಬಂದ ಹೊಸಬ ನೋಡಲು ಚೆನ್ನಾಗಿದ್ದ. ಅವನು ಹಾಡಿದ ಆಲ್ಬಂ ಹಿಂದಿನ ಎಲ್ಲವುಗಳಿಗಿಂತ ಹೆಚ್ಚು ಮಾರಾಟವಾಯಿತು. ನಮ್ಮ ಓರಗೆಯ ಮಕ್ಕಳಿಗೆಲ್ಲ ಈ ಕತೆ ಬಾಯಿಪಾಠ. ಅದರಲ್ಲಿ ತಪ್ಪೇನಾದರೂ ಇದೆಯೆಂದು ಯಾರಿಗೂ ಅನ್ನಿಸಿರಲಿಲ್ಲ.

ಮಧು ಆ ಮೊದಲ ಗಾಯಕನ ಹಾಗೆ ಮೇಲಿನ ಸ್ವರಕ್ಕೆ ಹತ್ತಿ ಅಲ್ಲೇ ನಿಲ್ಲಬಲ್ಲವನಾಗಿದ್ದ. ಆದ್ದರಿಂದಲೇ ಸಿರಿವಂತರ ಬಡಾವಣೆ ಲ್ಯಾವಿಂಗ್ಟನ್ನಿನ ಸಂಜಯ್ ಅವನನ್ನು ತನ್ನ ಗುಂಪಿಗೆ ಸೇರಿಸಿಕೊಂಡಿದ್ದ. ಸಂಜಯ್ ಗಿಟಾರ್; ಮಂಗಳೂರಿನ ಕಡೆಯ ಮೇಷ್ಟರೊಬ್ಬರ ಮಗ ರೋಷನ್ ಡ್ರಮ್ಸ್. ಸಂಜಯನ ತಂದೆ ತಾಯಿ ಇಬ್ಬರೂ ಡಾಕ್ಟರು, ಮೈಸೂರಿನವರು. ಅವರ ಗ್ಯಾರೇಜು ನಮ್ಮ ಮನೆಯ ಹಜಾರಕ್ಕಿಂತ ದೊಡ್ಡದಿತ್ತು. ಅಭ್ಯಾಸ ನಡೆಯುತ್ತಿದ್ದುದು ಅಲ್ಲಿ. ಯುಗಾದಿ ಕಾರ್ಯಕ್ರಮಕ್ಕೆ ಕನ್ನಡಿಗರ ಕೂಟದವರು ಅವರಿಗೆ ಒಂದು ಹಾಡಿನ ಅವಕಾಶ ಕೊಟ್ಟಿದ್ದರು. ಮಧು ಅದರ ಹೊರತು ಬೇರೆ ಯಾವುದನ್ನೂ ಯೋಚಿಸುತ್ತಿರಲಿಲ್ಲ.

ನಮ್ಮ ಅಪ್ಪ ಮೊಂಬಾಸಾ ರಸ್ತೆಯ ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಮದ್ದೂರಿನ ಹತ್ತಿರದ ಹಳ್ಳಿಯವರು. ಇಲ್ಲಿ ವಿಂಬಿ ಎಂದು ಕರೆಯುವ ರಾಗಿಯನ್ನು ಹುಡುಕಿ ತಂದು ದಿನವೂ ಮುದ್ದೆ ಮಾಡಿಸಿಕೊಳ್ಳುತ್ತಿದ್ದರು. ನಮ್ಮ ಮನೆಯ ಕನ್ನಡದಲ್ಲಿ ಹಕಾರ ಇರಲಿಲ್ಲ. ಹಾಲು ಆಲು, ಹೂವು ಊವು, ಹೋಗು ಓಗು. ಅದು ಇಲ್ಲವೆಂದು ನಮಗೆ ಗೊತ್ತೂ ಇರಲಿಲ್ಲ.

ಕೂಟದಲ್ಲಿ ಒಂದು ನಿಯಮವಿತ್ತು. ವೇದಿಕೆಯ ಮೇಲೆ ಏನೇ ಮಾಡಲಿ, ಅದರ ಪರಿಚಯ ಕನ್ನಡದಲ್ಲೇ ಆಗಬೇಕು. ಮಕ್ಕಳು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವರಾದ್ದರಿಂದ ಆ ಕೆಲಸ ಹೆತ್ತವರಿಗೆ ಬೀಳುತ್ತಿತ್ತು. "ನಾನ್ ಮಾಡ್ತೀನಿ ಬುಡಿ" ಎಂದು ಅಪ್ಪ ತಾವಾಗಿಯೇ ಒಪ್ಪಿಕೊಂಡರು.

ಒಂದು ಸಂಜೆ ಶಿಫ್ಟ್ ಮುಗಿಸಿ ನಮ್ಮನ್ನು ಕರೆದೊಯ್ಯಲು ಬಂದವರು, ಗ್ಯಾರೇಜಿನಲ್ಲಿ ಕೈಕಟ್ಟಿ ನಿಂತು ಪರಿಚಯ ಹೇಳಿ ತೋರಿಸಿದರು.

"ಎಲ್ರಿಗೂ ನಮಸ್ಕಾರ. ಈಗ ನಮ್ಮ ಮಕ್ಳು ಅಮೇರಿಕಾದ ಕಾಪರ್ ಆರ್ಸಸ್ ಅನ್ನೋ ಬ್ಯಾಂಡಿನ ಒಂದು ಆಡು ಆಡ್ತಾರೆ."

ಆರ್ಸ್ ಎಂದರೆ ಇಂಗ್ಲಿಷಿನಲ್ಲಿ ಕುಂಡೆ. ತಾಮ್ರದ ಕುಂಡೆಗಳು. ರೋಷನ್ ಸ್ಟೂಲಿನಿಂದ ಜಾರಿ ನೆಲಕ್ಕೆ ಕೂತ. ಸಂಜಯ್ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನು ಕುಲುಕುತ್ತಿತ್ತು.

ಅಪ್ಪನೂ ನಕ್ಕರು. "ಯಾಕ್ರಪ್ಪಾ, ಚೆನ್ನಾಗ್ ಬಂತಾ?"

"ಸೂಪರ್, ಅಂಕಲ್. ಬ್ಯಾಂಡ್ ನೇಮ್ ಒನ್ಸ್ ಮೋರ್? ಲೌಡರ್" ಎಂದ ಸಂಜಯ್.

ಅಪ್ಪ ಗಟ್ಟಿಯಾಗಿ ಹೇಳಿದರು.

ಮರುದಿನ ಪಕ್ಕದ ಮನೆಯ ಮಕ್ಕಳೂ ಬಂದು ಕೂತಿದ್ದರು. ಅದರ ಮರುದಿನ ಇನ್ನಷ್ಟು ಮಂದಿ. ಅಪ್ಪನ ಕಾರು ಗೇಟಿನೊಳಗೆ ಬಂದ ಕೂಡಲೇ ಸಂಜಯ್ ಗಿಟಾರು ಕೆಳಗಿಡುತ್ತಿದ್ದ. "ಅಂಕಲ್, ವಾಟ್ಸ್ ದ ಬ್ಯಾಂಡ್ ಕಾಲ್ಡ್?" ಅಪ್ಪ ಹೇಳುತ್ತಿದ್ದರು, ಮಕ್ಕಳು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ದಾರಿಯಲ್ಲಿ ಅವರಿಗೆಂದು ಮಂದಾಜಿ ಎಂಬ ಬಿಸಿ ಕರಿದ ಬನ್ನು ಕಟ್ಟಿಸಿಕೊಂಡು ಬರುವ ಅಭ್ಯಾಸವನ್ನೂ ಅಪ್ಪ ಶುರುಮಾಡಿದರು. ಎಣ್ಣೆ ಮತ್ತು ಏಲಕ್ಕಿಯ ವಾಸನೆಯಿಂದ ಕಾರು ತುಂಬಿರುತ್ತಿತ್ತು.

"ನಿನ್ ಸ್ನೇಹಿತ್ರು ಒಳ್ಳೆ ಉಡುಗ್ರು ಕಣ್ಲಾ" ಎಂದರು ಒಂದು ದಿನ ಮನೆಗೆ ಬರುವಾಗ. "ದೊಡ್ಡೋರ್ ಮನೆ ಮಕ್ಳು ಅನ್ನೋ ಜಂಬ ಇಲ್ಲ. ನಾನ್ ಬಂದ್ರೆ ಎಷ್ಟ್ ಕುಸಿ ಪಡ್ತವೆ ನೋಡು."

ಮಧು ಕಿಟಕಿಯ ಕಡೆ ನೋಡುತ್ತಿದ್ದ. ಗಾಜಿನ ಹೊರಗೆ ಮಳೆ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ.

ಕಾರ್ಯಕ್ರಮಕ್ಕೆ ಒಂದು ವಾರವಿದ್ದಾಗ ಅವನು ಸಂಜಯನನ್ನು ಕೇಳಿದ. "ಇಂಟ್ರೊಡಕ್ಷನ್ ನಿಮ್ಮಮ್ಮ ಮಾಡ್ಲಿ. ನಮ್ಮಪ್ಪ ಬೇಡ."

ಸಂಜಯ್ ತಂತಿ ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ. ಸ್ಕೂಲಿನವರಿಗೆಲ್ಲ ಹೇಳಾಗಿದೆ, ಎಲ್ಲರೂ ಬರುತ್ತಿರುವುದೇ ಅದಕ್ಕೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ, ಅಪ್ಪ ಇಲ್ಲವೆಂದರೆ ಮಧುವೂ ಇಲ್ಲ ಎಂದ. "ಪೆಟ್ರೋಲ್ ಸ್ಟೇಷನ್, ಬ್ರೋ" ಎಂದು ರೋಷನ್ ಡ್ರಮ್ಮಿನ ಹಿಂದಿನಿಂದ ನೆನಪಿಸಿದ.

ಅಪ್ಪನನ್ನು ಬಿಡಿಸಿದರೆ ತನ್ನ ಜಾಗ ಹೋಗುತ್ತದೆ. ಬಿಡಿಸದಿದ್ದರೆ ಊರಿನ ಕನ್ನಡಿಗರೆಲ್ಲರ ಮುಂದೆ ಅಪ್ಪನ ಮಾನ ಹೋಗುತ್ತದೆ. ಹದಿನಾಲ್ಕರ ಹುಡುಗನಿಗೆ ಹೊಳೆದದ್ದು ಮೂರನೆಯ ದಾರಿ. ಅಪ್ಪನಿಗೆ ಹಕಾರ ಕಲಿಸುವುದು.

ಅಡುಗೆಮನೆಯಲ್ಲಿ ಅಪ್ಪನನ್ನು ಕೂರಿಸಿಕೊಂಡು, ಅವರ ಅಂಗೈಯನ್ನು ಅವರದೇ ಬಾಯಿಯ ಮುಂದೆ ಹಿಡಿದ. "ಕೈಗೆ ಉಸಿರು ತಾಗ್ಬೇಕಪ್ಪ. ಹ. ಹಾರ್ಸಸ್."

"ಆರ್ಸಸ್."

"ಉಸಿರು."

"ಎಲ್ಲಾ ಒಂದೇ ಅಲ್ವೇನ್ಲಾ?"

"ಅವ್ರಿಗೆ ಅರ್ತ ಆದ್ರೆ ಸಾಕು ಬುಡು" ಎಂದರು ಅಮ್ಮ, ಮುದ್ದೆ ಕಟ್ಟುತ್ತ.

ಮಧು ಆ ಪದದ ಅರ್ಥ ಹೇಳಿದ. ಅಪ್ಪ ಅಂಗೈಯನ್ನು ನೋಡಿಕೊಂಡರು.

"ಅದ್ಕಾ ಅವು ನಗ್ತಿದ್ದಿದ್ದು?"

"ಹೂಂ."

ನಾನು ಬರುವುದಿಲ್ಲ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಕೈಯನ್ನು ಮತ್ತೆ ಬಾಯಿಯ ಮುಂದೆ ಹಿಡಿದರು. "ಏಳ್ಕೊಡು" ಎಂದರು.

ಆ ವಾರವಿಡೀ ಅಪ್ಪ ಉಸಿರು ಹಾಕಿದರು. ಬಚ್ಚಲಲ್ಲಿ, ಕಾರಿನಲ್ಲಿ, ಊಟದ ನಡುವೆ. ಮೊಂಬಾಸಾ ರಸ್ತೆಯ ದಟ್ಟಣೆಯಲ್ಲಿ ನಿಂತಾಗ ಮುಂದಿನ ಮಟಾಟು ವ್ಯಾನಿನ ಆಚೆ ಕಾಣುವ ಫಲಕಗಳನ್ನು ಓದಿಕೊಳ್ಳುತ್ತಿದ್ದರು: ಹೋಟೆಲ್, ಹಾರ್ಡ್‌ವೇರ್, ಹಾಸ್ಪಿಟಲ್. ಗ್ಯಾರೇಜಿನ ಬಾಗಿಲಿಗೆ ಬರುವುದನ್ನು ನಿಲ್ಲಿಸಿ ಗೇಟಿನ ಹೊರಗೇ ಕಾರಿನಲ್ಲಿ ಕಾಯುತ್ತಿದ್ದರು. ಮಂದಾಜಿಯನ್ನು ಮಾತ್ರ ಕಾವಲುಗಾರನ ಕೈಯಲ್ಲಿ ಒಳಗೆ ಕಳಿಸುತ್ತಿದ್ದರು.

ಯುಗಾದಿಯ ದಿನ ಸಭಾಂಗಣದಲ್ಲಿ ಒದ್ದೆ ಕೊಡೆಗಳ, ಹೋಳಿಗೆಯ, ರೇಷ್ಮೆ ಸೀರೆಗಳಿಗೆ ಹಾಕಿದ ಸೆಂಟಿನ ವಾಸನೆ. ಮುಂದಿನ ಸಾಲುಗಳಲ್ಲಿ ಸಂಜಯನ ಶಾಲೆಯ ಮಕ್ಕಳು ಆಗಲೇ ಮೊಣಕೈಯಿಂದ ತಿವಿದುಕೊಳ್ಳುತ್ತಿದ್ದರು. ಮಧು ಮೈಕು ಹಿಡಿದು ವೇದಿಕೆಯ ನಡುವೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಅಪ್ಪ ಅವನ ಮುಂದೆ ಬಂದು ಇನ್ನೊಂದು ಮೈಕಿನ ಎದುರು ನಿಂತರು.

"ಹೆಲ್ಲರಿಗೂ ನಮಸ್ಕಾರ" ಎಂದರು.

ಎಲ್ಲಿ ಉಸಿರು ಬೇಕು, ಎಲ್ಲಿ ಬೇಡ ಎಂಬುದನ್ನು ಮಧು ಹೇಳಿಕೊಟ್ಟಿರಲಿಲ್ಲ. ಅಪ್ಪ ಯಾವುದನ್ನೂ ಬಿಡಲಿಲ್ಲ.

"ಹೀಗ ನಮ್ಮ ಮಕ್ಕಳು ಹಮೇರಿಕಾದ ಕಾಪರ್ ಹಾರ್ಸಸ್ ಹೆಂಬ ಬ್ಯಾಂಡಿನ ಹೊಂದು ಹಾಡು ಹಾಡುತ್ತಾರೆ. ಹಾಶೀರ್ವಾದ ಮಾಡಬೇಕು."

ಹಾರ್ಸಸ್ ಸರಿಯಾಗಿತ್ತು. ಮುಂದಿನ ಸಾಲಿನ ಮಕ್ಕಳು ಮುಖ ಮುಖ ನೋಡಿಕೊಂಡರು. ಅವರು ಕಾದಿದ್ದ ಪದ ಬರಲಿಲ್ಲ. ನಗು ಬಂದದ್ದು ಹಿಂದಿನಿಂದ, ದೊಡ್ಡವರಿಂದ. ಮಕ್ಕಳದು ಇಂಗ್ಲಿಷಿನ ತಮಾಷೆಯಾಗಿತ್ತು, ಇದು ಕನ್ನಡದ್ದು. ಡಾಕ್ಟರುಗಳು, ಲೆಕ್ಚರರುಗಳು, ಔಷಧ ಕಂಪನಿಯ ಮ್ಯಾನೇಜರುಗಳು, ಅವರ ಹೆಂಡತಿಯರು, ಎಲ್ಲರೂ ನಕ್ಕರು. "ಹಾಯ್ತು ಸ್ವಾಮಿ, ಹಿನ್ನು ಹಿಳೀರಿ ಕೆಳಗೆ" ಎಂದು ಯಾರೋ ಕೂಗಿದರು. ನಗು ಇಮ್ಮಡಿಯಾಯಿತು.

ಆಗ ಸ್ಪೀಕರುಗಳಿಂದ ಇನ್ನೊಂದು ನಗು ಕೇಳಿಸಿತು, ಬೇರೆಲ್ಲಕ್ಕಿಂತ ಜೋರಾಗಿ. ಮಧು ನಕ್ಕಿದ್ದ. ಮೈಕು ಅವನ ಬಾಯಿಯ ಹತ್ತಿರವೇ ಇತ್ತು.

ಅಪ್ಪ ತಿರುಗಿ ನೋಡಿದರು. ಸಂಜಯ್ ತಂತಿ ಮೀಟಿದ. ಹಾಡು ಶುರುವಾಯಿತು.

ಮಧು ಆ ದಿನ ಹಾಡಿದಷ್ಟು ಚೆನ್ನಾಗಿ ಹಿಂದೆ ಹಾಡಿರಲಿಲ್ಲ. ಮೇಲಿನ ಸ್ವರದಲ್ಲಿ ಅವನು ನಿಂತಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಊಟದಲ್ಲಿ ಸಂಜಯನ ತಾಯಿ ತಾವೇ ಬಂದು ಅಪ್ಪನ ತಟ್ಟೆಗೆ ಎರಡನೆಯ ಹೋಳಿಗೆ ಹಾಕಿದರು. "ನಿಮ್ಮಷ್ಟು ಯಾರೂ ನಗಿಸ್ಲಿಲ್ಲ ನೋಡಿ. ಮುಂದಿನ ವರ್ಷಾನೂ ನೀವೇ ಮಾಡ್ಬೇಕು."

"ಥ್ಯಾಂಕ್ ಯೂ, ಮೇಡಂ" ಎಂದರು ಅಪ್ಪ. ಅಂದಿನಿಂದ ಕೂಟದವರ ಜೊತೆ ಅವರು ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಲಿಲ್ಲ.

ಆಗಸ್ಟಿನ ರಜೆಯಲ್ಲಿ ಮಧು ಲ್ಯಾವಿಂಗ್ಟನ್ನಿಗೆ ಹೋದಾಗ ಗ್ಯಾರೇಜಿನಲ್ಲಿ ಗಿಗಿರಿ ಬಡಾವಣೆಯ ಹುಡುಗನೊಬ್ಬ ಹಾಡುತ್ತಿದ್ದ. ರಾಯಭಾರ ಕಚೇರಿಯವರ ಮಗ, ಸ್ವಂತ ಮೈಕು ತಂದಿದ್ದ. ಮಧುವಿಗೆ ಮೊದಲೇ ತಿಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ. "ಬ್ಯಾಂಡ್ ಅಂದ್ರೆ ಹಂಗೇ" ಎಂದು ಅವನು ಮನೆಗೆ ಬಂದು ಹೇಳಿದ. ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಕಾಪರ್ ಹಾರ್ಸಸ್ ಇನ್ನೂ ಇದೆ. ಮೊದಲಿನ ನಾಲ್ವರಲ್ಲಿ ಒಬ್ಬರೂ ಅದರಲ್ಲಿಲ್ಲ. ಕೊನೆಯ ಪ್ರವಾಸ ಎಂದು ಪದೇ ಪದೇ ಘೋಷಿಸುತ್ತಾರೆ, ಟಿಕೆಟುಗಳು ಪ್ರತಿ ಸಲವೂ ತೀರಿಹೋಗುತ್ತವೆ. ಮೊದಲ ಗಾಯಕ ಅದೇ ಗಿರಣಿ ಊರಿನಲ್ಲಿ ಸತ್ತ ಸುದ್ದಿ, ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ನನ್ನ ಮೇಜಿಗೇ ಬಂದಿತ್ತು. ಜಾಗವಿರಲಿಲ್ಲ, ಎರಡು ಪ್ಯಾರಾಕ್ಕೆ ಇಳಿಸಿ ಕೊಟ್ಟೆ. ಹೊಸಬನ ಹಾಡೇ ಅವನದೆಂದು ತಿಳಿದು ಓದುಗರು ಸಂತಾಪ ಬರೆದರು.

ಮಧು ಈಗ ಔಷಧ ಕಂಪನಿಯಲ್ಲಿ ಮ್ಯಾನೇಜರ್. ತನ್ನ ಮಕ್ಕಳಿಗೆ ಕನ್ನಡ ಕಲಿಸಿಲ್ಲ. ಕಲಿಯದಿದ್ದರೆ ಯಾರೂ ನಗುವುದಿಲ್ಲವಲ್ಲ ಎನ್ನುತ್ತಾನೆ.

ಅಪ್ಪ ಮಾತ್ರ ಕಲಿಯುವುದನ್ನು ನಿಲ್ಲಿಸಲಿಲ್ಲ. ವಾರ್ತೆ ಓದುವವರ ಕನ್ನಡವನ್ನು ಕೇಳಿ ಕೇಳಿ, ಉಸಿರು ಎಲ್ಲಿ ಬೇಕೋ ಅಲ್ಲಿ ಮಾತ್ರ ಬರುವ ಹಾಗೆ ಮಾಡಿಕೊಂಡರು. ಅಮ್ಮನನ್ನೂ ತಿದ್ದಿದರು. ನಮ್ಮ ಮನೆಯಲ್ಲಿ ಈಗ ಎಲ್ಲರೂ ಹಾಲು ಕುಡಿಯುತ್ತೇವೆ.

ಅಜ್ಜಿ ಬದುಕಿದ್ದ ಕೊನೆಯ ವರ್ಷ ಮದ್ದೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದರು. ಒಂದು ಭಾನುವಾರ ಅಲ್ಲಿಂದ ಫೋನು ಬಂತು. ಅಪ್ಪ ಸ್ಪೀಕರಿಗೆ ಹಾಕಿ, "ಹೇಳಿ ಅಮ್ಮ, ಹೇಗಿದ್ದೀರಿ?" ಎಂದರು.

"ಯಾರ್ ಸಾಮಿ ನೀವು?" ಎಂದರು ಅಜ್ಜಿ. "ನಮ್ ಉಡ್ಗ ಇಲ್ವಾ? ನಮ್ ಉಡ್ಗಂಗೆ ಕೊಡಿ ಪೋನ್ವ."

ಅಪ್ಪ ಬಾಯಿ ತೆರೆದರು. ಹಳೆಯ ಮಾತು ನಾಲಗೆಗೆ ಬರಲಿಲ್ಲವೋ, ಅವರೇ ತರಲಿಲ್ಲವೋ, ಪಕ್ಕದಲ್ಲೇ ಇದ್ದ ನನಗೆ ಗೊತ್ತಾಗಲಿಲ್ಲ.

"ಅವನು ಹೊರಗೆ ಹೋಗಿದ್ದಾನಮ್ಮ" ಎಂದರು. "ಬಂದ ಮೇಲೆ ಹೇಳುತ್ತೇನೆ."